ಟ್ಯೂಬು ಬರೀ ಪಾತ್ರೆಯೇ?

ಹಾಲು, ಹೂವು, ದರ್ಶಿನಿ ಬಿಟ್ಟರೆ ಬೆಳಗ್ಗೆ ಆರು ಗಂಟೆಗೆಲ್ಲ ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ರಸ್ತೆಗಳಲ್ಲಿ ಬಾಗಿಲು ತೆರೆದಿರುವುದು ರಕ್ತ ಪರೀಕ್ಷೆಯ ಕಲೆಕ್ಷನ್ ಸೆಂಟರುಗಳು. ಹಿಂದಿನ ರಾತ್ರಿಯಿಂದ ಹೊಟ್ಟೆಗೇನೂ ಹಾಕದೆ ಬಂದವರು ಸಾಲಾಗಿ ಕೂತಿರುತ್ತಾರೆ. ಕುರ್ಚಿಯ ಪಕ್ಕದ ಸ್ಟ್ಯಾಂಡಿನಲ್ಲಿ ನೇರಳೆ, ಬೂದು, ಹಳದಿ, ಕೆಲವೊಮ್ಮೆ ತಿಳಿನೀಲಿ ಮುಚ್ಚಳದ ಟ್ಯೂಬುಗಳು. ಒಂದಾದ ಮೇಲೊಂದು ತುಂಬುತ್ತಿದ್ದಂತೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಇಷ್ಟೊಂದು ಯಾಕೆ, ಒಂದರಲ್ಲೇ ತಗೊಂಡು ಹಂಚ್ಕೋಬಾರದಾ?" ಸೂಜಿ ಹಿಡಿದವರು ಇದನ್ನು ದಿನಾ ಕೇಳಿಸಿಕೊಳ್ಳುತ್ತಾರೆ, "ಟೆಸ್ಟ್ ಬೇರೆ ಬೇರೆ ಸಾರ್" ಎಂದು ಮುಗಿಸುತ್ತಾರೆ. ಆದರೆ ಅದು ತೇಲಿಸಿಬಿಡುವ ಪ್ರಶ್ನೆಯಲ್ಲ. ಒಂದೇ ರಕ್ತ, ಒಂದೇ ತೋಳು, ಒಂದೇ ಸೂಜಿ. ಹಾಗಿದ್ದೂ ಟ್ಯೂಬು ಮಾತ್ರ ಯಾಕೆ ಬದಲಾಗಬೇಕು?

ನಮ್ಮ ಅಡುಗೆಮನೆಗಳಿಗೆ ಇದರ ಉತ್ತರ ಮೊದಲಿನಿಂದಲೂ ಗೊತ್ತು. ಹುಣಸೆಹುಳಿ ಬಿದ್ದ ಸಾರನ್ನು ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಕುದಿಸುವವರಿಲ್ಲ, ಮಜ್ಜಿಗೆಯನ್ನು ತಾಮ್ರದ ಚೊಂಬಿನಲ್ಲಿ ಇಡುವವರಿಲ್ಲ, ಉಪ್ಪಿನಕಾಯಿಗೆ ಪಿಂಗಾಣಿ ಜಾಡಿಯೇ ಆಗಬೇಕು. ಪಾತ್ರೆಗೂ ಪದಾರ್ಥಕ್ಕೂ ಕೊಡುಕೊಳ್ಳುವಿಕೆ ಇದೆ ಎನ್ನುವುದು ಅಲ್ಲಿ ವಾದ ಮಾಡಬೇಕಾದ ಸಂಗತಿಯೇ ಅಲ್ಲ. ಪ್ರಯೋಗಾಲಯದ ವಿಷಯಕ್ಕೆ ಬಂದಾಗ ಮಾತ್ರ ಈ ತಿಳಿವಳಿಕೆಯನ್ನು ಹೊಸ್ತಿಲಾಚೆ ಬಿಟ್ಟು ಬರುತ್ತೇವೆ. ಟ್ಯೂಬು ಎಂದರೆ ಸಾಗಿಸುವ ಡಬ್ಬಿ, ಅಸಲಿ ಕೆಲಸವೆಲ್ಲ ಯಂತ್ರದ್ದು ಎಂದುಕೊಳ್ಳುತ್ತೇವೆ. ಈ ಲೇಖನದ ವಾದ ಇದಕ್ಕೆ ನೇರ ವಿರುದ್ಧ. ಪರೀಕ್ಷೆಯಲ್ಲಿ ಬಳಕೆಯಾಗುವ ಮೊದಲ ರಾಸಾಯನಿಕವೇ ಟ್ಯೂಬು. ಅದು ಮಾದರಿಗೆ ಏನನ್ನಾದರೂ ಕೊಡುತ್ತದೆ, ಅದರಿಂದ ಏನನ್ನಾದರೂ ಕೊಳ್ಳುತ್ತದೆ. ಆದ್ದರಿಂದ ಅದನ್ನು ಆರಿಸಬೇಕಾದ್ದು ಬೆಲೆಯಿಂದಲ್ಲ, ಮುಚ್ಚಳದ ಬಣ್ಣದಿಂದಲೂ ಅಲ್ಲ; ಅಳೆಯಬೇಕಾದ ವಸ್ತುವಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದು. ಇಲ್ಲಿ ಅಪಾಯವೊಂದಿದೆ. ತಪ್ಪು ಟ್ಯೂಬಿನಿಂದ ಬರುವ ತಪ್ಪು ವಿಚಿತ್ರವಾಗಿ ಕಾಣುವುದಿಲ್ಲ. ನಂಬಬಹುದಾದ ಒಂದು ಅಂಕಿಯಾಗಿಯೇ ಅದು ರಿಪೋರ್ಟಿನಲ್ಲಿ ಬಂದು ಕೂರುತ್ತದೆ.

ಮೊದಲು ಹೀಗೆ ಬಣ್ಣಬಣ್ಣದ ಮುಚ್ಚಳಗಳಿರಲಿಲ್ಲ. ಸಿರಿಂಜಿನಲ್ಲಿ ಎಳೆದ ರಕ್ತವನ್ನು ತೊಳೆದಿಟ್ಟ ಗಾಜಿನ ಪ್ರನಾಳಕ್ಕೋ, ಖಾಲಿಯಾದ ಪೆನ್ಸಿಲಿನ್ ಬಾಟಲಿಗೋ ಸುರಿದು, ಲ್ಯಾಬಿನಲ್ಲೇ ಕಲಸಿಟ್ಟ ಪುಡಿ ಹಾಕಿ ಅಲುಗಿಸುತ್ತಿದ್ದ ಕಾಲವನ್ನು ಹಳೆಯ ಟೆಕ್ನಿಷಿಯನ್ನರು ಮರೆತಿಲ್ಲ. ಅಮೆರಿಕದ ಜೋಸೆಫ್ ಕ್ಲೈನರ್ ನಿರ್ವಾತದ ಟ್ಯೂಬಿಗೆ ಪೇಟೆಂಟ್ ಪಡೆದದ್ದು 1949ರಲ್ಲಿ. ಒಳಗಿನ ಗಾಳಿಯನ್ನು ಮೊದಲೇ ತೆಗೆದಿಟ್ಟಿರುವುದರಿಂದ ಬಿರಡೆಯನ್ನು ಸೂಜಿ ಚುಚ್ಚಿದೊಡನೆ ರಕ್ತ ತಾನಾಗಿ ಒಳಕ್ಕೆ ನುಗ್ಗುತ್ತದೆ, ಬೇಕಾದಷ್ಟು ತುಂಬಿ ತಾನಾಗಿ ನಿಲ್ಲುತ್ತದೆ. ಸಿರಿಂಜು ಹೋಯಿತು ಎಂಬುದು ಇದರ ಸಣ್ಣ ಲಾಭ. ರಕ್ತದ ಅಳತೆಯೂ ಔಷಧಿಯ ಅಳತೆಯೂ ಕಾರ್ಖಾನೆಯಲ್ಲೇ ನಿಶ್ಚಯವಾದದ್ದು ದೊಡ್ಡ ಲಾಭ. ಆದರೆ ಆ ನಿಶ್ಚಯಕ್ಕೂ ಆಯಸ್ಸಿದೆ. ಪ್ಲಾಸ್ಟಿಕ್ ಗೋಡೆಯ ಮೂಲಕ ಗಾಳಿ ತಿಂಗಳುಗಟ್ಟಲೆ ನಿಧಾನವಾಗಿ ನುಸುಳುತ್ತಲೇ ಇರುತ್ತದೆ. ಅವಧಿ ಮುಗಿದ ಟ್ಯೂಬು ರಕ್ತವನ್ನು ಪೂರ್ತಿ ಎಳೆಯುವುದಿಲ್ಲ. ಟ್ಯೂಬಿನ ಮೇಲಿನ ಎಕ್ಸ್‌ಪೈರಿ ದಿನಾಂಕ ಔಷಧಿಯ ಪಟ್ಟಿಯ ಮೇಲಿನದರಷ್ಟೇ ಗಂಭೀರವಾದದ್ದು, ಅದನ್ನು ಓದುವವರು ಕಡಿಮೆ ಎನ್ನುವುದು ಬೇರೆ ಮಾತು.

ನೇರಳೆ ಮುಚ್ಚಳದ ಟ್ಯೂಬನ್ನು ಕೈಯಲ್ಲಿ ಹಿಡಿದು ನೋಡಿದರೆ ಅದು ಖಾಲಿ ಎನಿಸುತ್ತದೆ. ಬೆಳಕಿಗೆ ಹಿಡಿದು ಓರೆ ಮಾಡಿದರೆ ಒಳಗೋಡೆಯ ಮೇಲೆ ಮಂಜು ಕೂತಂತೆ ತೆಳುವಾದ ಒಂದು ಪದರ ಕಾಣಬಹುದು. ಅದೇ ಇಡಿಟಿಎ, ರಕ್ತದ ಒಂದು ಮಿಲಿಗೆ ಸುಮಾರು 1.8 ಮಿಲಿಗ್ರಾಂನಷ್ಟು. ಹೆಪ್ಪುಗಟ್ಟಲು ರಕ್ತಕ್ಕೆ ಕ್ಯಾಲ್ಸಿಯಂ ಬೇಕು. ಇಡಿಟಿಎ ಆ ಕ್ಯಾಲ್ಸಿಯಂ ಅನ್ನು ಹಿಡಿದು ಕಟ್ಟಿಹಾಕುತ್ತದೆ. ರಕ್ತ ಬಿದ್ದ ಮೇಲೆ ಎಂಟು ಹತ್ತು ಸಲ ಮೆಲ್ಲಗೆ ಬುಡಮೇಲು ಮಾಡಬೇಕು, ಕುಲುಕಬಾರದು. ಕುಲುಕಿದರೆ ಕಣಗಳು ಒಡೆಯುತ್ತವೆ, ಸುಮ್ಮನೆ ಬಿಟ್ಟರೆ ಸಣ್ಣ ಸಣ್ಣ ಹೆಪ್ಪುಗಳಾಗುತ್ತವೆ. 3 ಮಿಲಿಯ ಗೀಟಿಗೆ ಬದಲು ಒಂದು ಮಿಲಿ ಮಾತ್ರ ತುಂಬಿದರೆ ಇಡಿಟಿಎ ಪ್ರಮಾಣ ಮೂರು ಪಟ್ಟಾಗಿ ಕೆಂಪು ಕಣಗಳು ಮುದುಡುತ್ತವೆ, ರಕ್ತದಲ್ಲಿ ಕೆಂಪು ಕಣಗಳ ಪಾಲನ್ನು ಹೇಳುವ ಪಿಸಿವಿ ಇರುವುದಕ್ಕಿಂತ ಕಡಿಮೆ ಬರುತ್ತದೆ. ಕಣಗಳನ್ನು ಎಣಿಸುವ ಪರೀಕ್ಷೆಗಳಿಗೆಲ್ಲ ಇದೇ ಟ್ಯೂಬು; ಎಚ್‌ಬಿಎ1ಸಿಗೂ ಇದೇ. ಪಿಸಿಆರ್ ಮಾಡುವುದಿದ್ದರೂ ರಕ್ತವನ್ನು ಇದರಲ್ಲೇ ತೆಗೆಯುವುದು ಮೇಲು; ಹಸಿರು ಮುಚ್ಚಳದೊಳಗಿನ ಹೆಪಾರಿನ್ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ.

ಈ ನೇರಳೆ ಟ್ಯೂಬಿನ ಮಿತಿ ಬೆಂಗಳೂರಿನ ಜನಕ್ಕೆ ನೇರವಾಗಿ ತಟ್ಟುವುದು ಡೆಂಗಿ ದಿನಗಳಲ್ಲಿ. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬುಗಳ ಡೆಂಗಿ ಪರೀಕ್ಷೆಗೆ ದರ ಮಿತಿ ಹಾಕಿತು, ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಅಂಥ ದಿನಗಳಲ್ಲಿ ಮನೆಮನೆಯಲ್ಲೂ "ಪ್ಲೇಟ್‌ಲೆಟ್ ಎಷ್ಟಿದೆ?" ಎಂಬುದೊಂದೇ ಮಾತು. ಆದರೆ ಸುಮಾರು ಸಾವಿರಕ್ಕೆ ಒಬ್ಬರ ರಕ್ತದಲ್ಲಿ ಇಡಿಟಿಎ ಸೋಕಿದೊಡನೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಯಂತ್ರ ಆ ಗುಂಪನ್ನು ಪ್ಲೇಟ್‌ಲೆಟ್ ಎಂದು ಗುರುತಿಸುವುದಿಲ್ಲ, ಸಂಖ್ಯೆ ಪಾತಾಳಕ್ಕಿಳಿಯುತ್ತದೆ. ದೇಹದಲ್ಲಿ ಕೊರತೆ ಇಲ್ಲ, ಕೊರತೆ ಹುಟ್ಟಿದ್ದು ಟ್ಯೂಬಿನೊಳಗೆ. ಗಾಜಿನ ಸ್ಲೈಡಿನ ಮೇಲೆ ಲೇಪ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಪುಗಳು ಕಾಣುತ್ತವೆ. ತಿಳಿನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಿದರೆ ನಿಜವಾದ ಎಣಿಕೆಗೆ ಹತ್ತಿರ ಬರುತ್ತದೆ. ಆ 1.1 ಎಲ್ಲಿಂದ ಬಂತು? ಸಿಟ್ರೇಟ್ ಟ್ಯೂಬಿನೊಳಗೆ ದ್ರವವಿರುತ್ತದೆ, ಒಂಬತ್ತು ಪಾಲು ರಕ್ತ ಬೆರೆತು ಹತ್ತು ಪಾಲಾಗುತ್ತದೆ. ರಕ್ತ ತೆಳ್ಳಗಾದ ಲೆಕ್ಕವನ್ನು ಹಾಗೆ ಸರಿದೂಗಿಸಬೇಕು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ನಿಜವಾಗಿಯೂ ಇಳಿಯುತ್ತದೆ, ಆದ್ದರಿಂದ ಪ್ರತಿ ಕಡಿಮೆ ಸಂಖ್ಯೆಯನ್ನೂ ಟ್ಯೂಬಿನ ತಲೆಗೆ ಕಟ್ಟುವುದು ಮೂರ್ಖತನ. ಆದರೆ ಜ್ವರ ಬಿಟ್ಟು ಗಟ್ಟಿಮುಟ್ಟಾಗಿ ಓಡಾಡುತ್ತಿರುವವರ ರಿಪೋರ್ಟಿನಲ್ಲಿ ಇಪ್ಪತ್ತು ಸಾವಿರ ಎಂದು ಬಂದರೆ ಟ್ಯೂಬನ್ನೂ ಒಮ್ಮೆ ಅನುಮಾನಿಸಿ ನೋಡಬೇಕು.

ತಿಳಿನೀಲಿಯ ಕಥೆ ಇನ್ನೂ ಬಿಗಿ. ಹೆಪ್ಪುಗಟ್ಟುವ ವೇಗವನ್ನೇ ಅಳೆಯುವ ಪಿಟಿ, ಐಎನ್‌ಆರ್, ಎಪಿಟಿಟಿ ಪರೀಕ್ಷೆಗಳಿಗೆ ಇದು. ಒಳಗಿರುವುದು 3.2 ಶೇಕಡಾ ಸೋಡಿಯಂ ಸಿಟ್ರೇಟ್. 2.7 ಮಿಲಿ ರಕ್ತಕ್ಕೆ 0.3 ಮಿಲಿ ದ್ರವ ಎಂದಿಟ್ಟುಕೊಳ್ಳಿ, 1.8 ಮಿಲಿಗೇ ನಿಂತುಹೋದರೆ ಒಂಬತ್ತಕ್ಕೆ ಒಂದು ಇರಬೇಕಾದ ಅನುಪಾತ ಆರಕ್ಕೆ ಒಂದಾಗುತ್ತದೆ. ಹೆಚ್ಚುಳಿದ ಸಿಟ್ರೇಟ್ ಯಂತ್ರದಲ್ಲಿ ಹಾಕುವ ಕ್ಯಾಲ್ಸಿಯಂ ಅನ್ನೂ ನುಂಗುತ್ತದೆ, ರಕ್ತ ಹೆಪ್ಪುಗಟ್ಟಲು ತಡವಾಯಿತು ಎಂದು ಫಲಿತಾಂಶ ಬರುತ್ತದೆ. ಹೃದಯದ ಕವಾಟ ಬದಲಿಸಿಕೊಂಡು ಹೆಪ್ಪು ತಡೆಯುವ ಅಸಿಟ್ರೋಂ ಮಾತ್ರೆ ನುಂಗುತ್ತಿರುವವರಿಗೆ ಇದು ಹುಡುಗಾಟವಲ್ಲ. ಐಎನ್‌ಆರ್ ಜಾಸ್ತಿ ಎಂದು ಮಾತ್ರೆ ಇಳಿಸಿದರೆ ಕವಾಟದ ಮೇಲೆ ನಿಜವಾಗಿಯೇ ಹೆಪ್ಪು ಕೂರಬಹುದು. ನರ ಸಿಗದವರಿಗೆ ಬಳಸುವ ಚಿಟ್ಟೆ ಸೂಜಿಯ ಉದ್ದನೆಯ ಕೊಳವೆಯಲ್ಲಿ ಮೊದಲೇ ಗಾಳಿ ಇರುತ್ತದೆ. ಮೊದಲ ಟ್ಯೂಬು ನೀಲಿಯದೇ ಆದರೆ ಆ ಗಾಳಿ ಒಳಹೊಕ್ಕು ಅಷ್ಟು ರಕ್ತ ಕಡಿಮೆಯಾಗುತ್ತದೆ. ಅದಕ್ಕೇ ಬಲ್ಲವರು ಮೊದಲೊಂದು ಟ್ಯೂಬಿಗೆ ಒಂದಿಷ್ಟು ರಕ್ತ ಎಳೆದು ಎಸೆದು, ಆಮೇಲೆ ನೀಲಿಯನ್ನು ಹಾಕುತ್ತಾರೆ. ನೋಡುವವರಿಗೆ ಅದು ದುಂದು. ಗೋಡೆಯಲ್ಲೂ ಒಂದು ಲೆಕ್ಕವಿದೆ: ಪೆಟ್ ಪ್ಲಾಸ್ಟಿಕ್ ನಿರ್ವಾತವನ್ನು ಹಿಡಿದಿಡುತ್ತದೆ, ಆದರೆ ನೀರಾವಿಯನ್ನು ಬಿಟ್ಟುಕೊಡುತ್ತದೆ, ಪಾಲಿಪ್ರೊಪಿಲೀನ್ ನೀರನ್ನು ಕಾಯುತ್ತದೆ, ಗಾಳಿಗೆ ಜಗ್ಗುತ್ತದೆ. ಒಳಗೆ ದ್ರವವೂ ಇರಬೇಕು, ನಿರ್ವಾತವೂ ಉಳಿಯಬೇಕು ಎಂದು ಕೆಲವು ಸಿಟ್ರೇಟ್ ಟ್ಯೂಬುಗಳನ್ನು ಒಂದರೊಳಗೊಂದು ಇಟ್ಟು ಎರಡು ಗೋಡೆಯಾಗಿ ಮಾಡುತ್ತಾರೆ.

ಬೂದು ಮುಚ್ಚಳದ್ದು ನಗರದ ಅತಿ ಸಾಮಾನ್ಯ ಪರೀಕ್ಷೆ, ಶುಗರ್. ರಕ್ತದ ಕಣಗಳು ಟ್ಯೂಬಿಗೆ ಬಂದ ಮೇಲೂ ಬದುಕಿರುತ್ತವೆ, ಹಸಿದಿರುತ್ತವೆ. ಬರಿಯ ಟ್ಯೂಬಿನಲ್ಲಿಟ್ಟ ರಕ್ತದ ಗ್ಲೂಕೋಸನ್ನು ಗಂಟೆಗೆ 5ರಿಂದ 7 ಶೇಕಡಾ ತಿಂದು ಮುಗಿಸುತ್ತವೆ. ಬಸವೇಶ್ವರನಗರದ ಮನೆಯೊಂದರಲ್ಲಿ ಬೆಳಗ್ಗೆ ಆರೂವರೆಗೆ ತೆಗೆದ ಸ್ಯಾಂಪಲ್ಲು ಇನ್ನೂ ಹತ್ತು ಮನೆ ಸುತ್ತಿ, ಬೈಕಿನ ಡಬ್ಬಿಯಲ್ಲಿ ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತು, ಕೇಂದ್ರ ಲ್ಯಾಬು ತಲುಪುವಾಗ ಒಂಬತ್ತೂವರೆ ಎಂದಿಟ್ಟುಕೊಳ್ಳೋಣ. ತೆಗೆದಾಗ 130 ಇದ್ದ ಉಪವಾಸದ ಶುಗರ್, ಗಂಟೆಗೆ ಆರರಂತೆ ಕರಗಿದರೆ, 108ರ ಹತ್ತಿರ ಬಂದಿರುತ್ತದೆ. 126ಕ್ಕೆ ಮೇಲೆ ಮಧುಮೇಹ, ಕೆಳಗೆ ಅದರ ಅಂಚು. ಒಂದು ಮನೆಯ ಅಡುಗೆ, ಔಷಧಿ, ಆತಂಕಗಳನ್ನೆಲ್ಲ ಬದಲಿಸಬೇಕಾದ ಗೆರೆಯನ್ನು ರಕ್ತ ದಾರಿಯಲ್ಲೇ ದಾಟಿ ಕೆಳಗಿಳಿದಿರುತ್ತದೆ. ಅದಕ್ಕೇ ಬೂದು ಟ್ಯೂಬಿನಲ್ಲಿ ಸೋಡಿಯಂ ಫ್ಲೋರೈಡ್, ಜೊತೆಗೆ ಹೆಪ್ಪು ತಡೆಯಲು ಆಕ್ಸಲೇಟು.

ಆದರೆ ಬೂದು ಟ್ಯೂಬನ್ನು ಕುರುಡಾಗಿ ನಂಬುವುದೂ ಸಲ್ಲ. ಗ್ಲೂಕೋಸನ್ನು ಒಡೆಯುವ ಕಿಣ್ವಗಳ ಸರಪಳಿಯಲ್ಲಿ ಫ್ಲೋರೈಡ್ ತಡೆಯುವುದು ಕೊನೆಗೆ ಹತ್ತಿರದ ಇನೊಲೇಸ್ ಎಂಬ ಕಿಣ್ವವನ್ನು. ಮೇಲಿನ ಮೆಟ್ಟಿಲುಗಳಲ್ಲಿ ಕೆಲಸ ಮೊದಲ ಒಂದೆರಡು ಗಂಟೆ ನಡೆದೇ ಇರುತ್ತದೆ, ಆಮೇಲೆ ನಿಲ್ಲುತ್ತದೆ. ಅಣೆಕಟ್ಟಿನ ಗೇಟು ಹಾಕಿದರೂ ಮೇಲಿನ ಕಾಲುವೆ ಒಂದಷ್ಟು ಹೊತ್ತು ಹರಿಯುವಂತೆ. ಸಿಟ್ರಿಕ್ ಆಮ್ಲ ಬೆರೆಸಿದ ಹೊಸ ಬಗೆಯ ಟ್ಯೂಬುಗಳು ಮೊದಲ ಮೆಟ್ಟಿಲಲ್ಲೇ ತಡೆಯುತ್ತವೆ. ಗರ್ಭಿಣಿಯರ ಮಧುಮೇಹ ಪತ್ತೆಗೆ ನಮ್ಮಲ್ಲಿ ಬಳಕೆಯಲ್ಲಿರುವ ವಿಧಾನದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ 140 ಎಂಬುದು ಗೆರೆ. 143 ಇದ್ದವರು ಒಂದೇ ಗಂಟೆಯ ವಿಳಂಬದಲ್ಲಿ 134 ಆಗಿ ತಪ್ಪಿಸಿಕೊಳ್ಳಬಹುದು. ಹೊಸ ಟ್ಯೂಬು ಬಂದರೆ ಮಧುಮೇಹಿಗಳ ಸಂಖ್ಯೆ ಏರುತ್ತದೆ, ಸುಮ್ಮನೆ ಹೆದರಿಸಿದಂತಾಗುತ್ತದೆ ಎಂಬ ಆಕ್ಷೇಪ ಇದೆ. ಏರುವುದು ನಿಜ. ಆದರೆ ಅವರನ್ನು ಹೊಸ ಟ್ಯೂಬು ಸೃಷ್ಟಿಸಲಿಲ್ಲ, ಹಳೆಯದು ಬಚ್ಚಿಟ್ಟಿತ್ತು.

ಉಳಿದ ಮೂರು ಬಣ್ಣಗಳ ಬಗ್ಗೆ ಬೇಗ ಹೇಳಬಹುದು. ಕೆಂಪು ಮತ್ತು ಹಳದಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು, ಮೇಲೆ ನಿಂತ ತಿಳಿಯಾದ ಸೀರಂ ಬೇಕು. ಗಾಜಿಗೆ ಸೋಕಿದರೆ ರಕ್ತ ತಾನೇ ಹೆಪ್ಪುಗಟ್ಟುತ್ತದೆ. ಪ್ಲಾಸ್ಟಿಕ್ಕಿಗೆ ಆ ಗುಣವಿಲ್ಲದ್ದರಿಂದ ಒಳಗೆ ಸಿಲಿಕಾ ಪುಡಿಯ ಲೇಪ ಕೊಡುತ್ತಾರೆ. ಹಳದಿಯ ಬುಡದಲ್ಲಿರುವ ಜೆಲ್ ಸೆಂಟ್ರಿಫ್ಯೂಜಿನಲ್ಲಿ ಮೇಲೇರಿ ಕಣಗಳಿಗೂ ಸೀರಂಗೂ ನಡುವೆ ಗೋಡೆಯಾಗಿ ಕೂರುತ್ತದೆ. ಲಿವರ್, ಕಿಡ್ನಿ, ಥೈರಾಯ್ಡ್ ಪರೀಕ್ಷೆಗಳಿಗೆ ಇಷ್ಟು ಅನುಕೂಲವಾದ ಟ್ಯೂಬು ಮತ್ತೊಂದಿಲ್ಲ. ಆದರೆ ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಂಥ ಔಷಧಿಯ ಮಟ್ಟ ಅಳೆಯುವಾಗ ಅದೇ ಜೆಲ್ ಔಷಧಿಯನ್ನು ಹೀರಿಕೊಳ್ಳುತ್ತ ಹೋಗುತ್ತದೆ. ಅಲ್ಲಿ ಜೆಲ್ ಇಲ್ಲದ ಕೆಂಪೇ ಸರಿ. ಹಸಿರಿನಲ್ಲಿರುವುದು ಹೆಪಾರಿನ್, ಹೆಚ್ಚಾಗಿ ಲೀಥಿಯಂ ಲವಣವಾಗಿ. ಬೈಪೋಲಾರ್ ಕಾಯಿಲೆಗೆ ಲೀಥಿಯಂ ತೆಗೆದುಕೊಳ್ಳುತ್ತಿರುವವರ ಲೀಥಿಯಂ ಮಟ್ಟವನ್ನು ಈ ಟ್ಯೂಬಿನಲ್ಲಿ ಅಳೆದರೆ ರೋಗಿಯ ಲೀಥಿಯಂ ಜೊತೆ ಟ್ಯೂಬಿನದೂ ಸೇರಿ ವಿಷದ ಮಟ್ಟ ತಲುಪಿದಂತೆ ತೋರಬಲ್ಲದು. ಟ್ಯೂಬು ರಾಸಾಯನಿಕವೇ ಎಂದು ಇನ್ನೂ ಸಂಶಯವಿರುವವರಿಗೆ ಈ ಒಂದು ಉದಾಹರಣೆ ಸಾಕು.

ತುಂಬುವ ಸರದಿಗೂ ಕಾರಣ ಇದೇ. ಮೊದಲು ಬ್ಲಡ್ ಕಲ್ಚರ್ ಬಾಟಲಿ, ಆಮೇಲೆ ನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ನೇರಳೆಯ ಇಡಿಟಿಎ ಪೊಟ್ಯಾಸಿಯಂ ಲವಣ. ಸೂಜಿಯ ತುದಿಯಲ್ಲಿ ಅದರ ಸೋಂಕು ಹಳದಿಗೆ ದಾಟಿದರೆ ಪೊಟ್ಯಾಸಿಯಂ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಹಳದಿ ಕಡಿಮೆ ಬಿತ್ತೆಂದು ನೇರಳೆಯ ಮುಚ್ಚಳ ತೆಗೆದು ಅದಕ್ಕೆ ಸುರಿಯುವುದು ಇನ್ನೂ ಕೆಟ್ಟದ್ದು. ಮೊದಲ ಪ್ಯಾರಾದ "ಹಂಚ್ಕೋಬಾರದಾ?" ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ: ಹಂಚಿಕೊಂಡರೆ ರಕ್ತದ ಜೊತೆ ಔಷಧಿಯೂ ಹಂಚಿಕೆಯಾಗುತ್ತದೆ. ಹಾಗೆಂದು ಬಣ್ಣವನ್ನೇ ಬಾಯಿಪಾಠ ಮಾಡಿದರೂ ಕೈಕೊಡಬಹುದು. ಜರ್ಮನಿಯ ಸಾರ್ಸ್ಟೆಟ್ ಕಂಪನಿಯ ಐರೋಪ್ಯ ಪದ್ಧತಿಯಲ್ಲಿ ಇಡಿಟಿಎ ಕೆಂಪು, ಸಿಟ್ರೇಟ್ ಹಸಿರು, ಹೆಪಾರಿನ್ ಕಿತ್ತಳೆ, ಫ್ಲೋರೈಡ್ ಹಳದಿ. ನಮ್ಮ ಕೆಂಪು ಟ್ಯೂಬಿಗೆ ಒಗ್ಗಿದ ಕೈಗೆ ಆ ಕೆಂಪು ಸಿಕ್ಕರೆ ಸೀರಂಗಾಗಿ ಇಡೀ ದಿನ ಕಾದರೂ ರಕ್ತ ಹೆಪ್ಪುಗಟ್ಟುವುದಿಲ್ಲ. ಓದಬೇಕಾದ್ದು ಲೇಬಲ್ಲನ್ನು.

ಗೋಡೆ, ಲೇಪ, ಜೆಲ್ ಆಯಿತು, ಬಿರಡೆಯೂ ಸುಮ್ಮನಿರುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಜೀವರಸಾಯನ ವಿಜ್ಞಾನಿಯಾಗಿದ್ದ ತುಪ್ಪಿಲ್ ವೆಂಕಟೇಶ್ ಅವರು ದೇಶದಲ್ಲಿ ಸೀಸದ ವಿಷದ ವಿರುದ್ಧ ದಶಕಗಟ್ಟಲೆ ದುಡಿದವರು. ರಕ್ತದಲ್ಲಿ ಸೀಸವನ್ನು ಅಳೆಯಬೇಕು ಎಂಬ ಅರಿವು ಇಲ್ಲಿ ಬೆಳೆದದ್ದರಲ್ಲಿ ಅವರ ಪಾಲು ದೊಡ್ಡದು. ಆ ಅಳತೆ ಎಷ್ಟು ನಾಜೂಕಿನದು ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಸಾಕ್ಷಿ. ಅಲ್ಲಿ ಬಹಳ ಬಳಕೆಯಲ್ಲಿದ್ದ ಸೀಸದ ಪರೀಕ್ಷೆಯೊಂದು ನರದಿಂದ ತೆಗೆದ ರಕ್ತದಲ್ಲಿ ಇರುವುದಕ್ಕಿಂತ ಕಡಿಮೆ ಸೀಸ ತೋರಿಸುತ್ತಿದೆ ಎಂದು 2017ರಲ್ಲಿ ಎಫ್‌ಡಿಎ ಎಚ್ಚರಿಸಿತು. ತನಿಖೆ ಹೋಗಿ ನಿಂತದ್ದು ಟ್ಯೂಬಿನ ರಬ್ಬರ್ ಬಿರಡೆಯಲ್ಲಿ. ಅದರಲ್ಲಿದ್ದ ಥಯೂರಾಂ ಎಂಬ ವಸ್ತುವಿನಿಂದ ಹೊರಟ ಅನಿಲ ರಕ್ತದಲ್ಲಿ ಕರಗಿ ಸೀಸವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು, ಯಂತ್ರದ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ರಕ್ತ ಬಿರಡೆಯನ್ನು ಮುಟ್ಟದಿದ್ದರೂ ಬಿರಡೆ ರಕ್ತವನ್ನು ಮುಟ್ಟಿತ್ತು. ಸೀಸ, ಸತು, ತಾಮ್ರಗಳನ್ನು ಅಳೆಯಲು ಅವುಗಳ ಸೋಂಕಿಲ್ಲ ಎಂದು ಪ್ರಮಾಣೀಕರಿಸಿದ ಕಡುನೀಲಿ ಮುಚ್ಚಳದ ಟ್ಯೂಬೇ ಬೇಕು ಎನ್ನುವುದು ಇಂಥ ಕಾರಣಕ್ಕೆ. ಸೀಸವನ್ನು ಸೀಸೆಯಲ್ಲಿ ಹಿಡಿಯುವುದೂ ಒಂದು ವಿದ್ಯೆ.

ರಕ್ತ ಬಿಟ್ಟು ನೀರಿಗೆ ಬಂದರೆ ಈ ಭಾಗದ ಸಾಕ್ಷಿ ವೃಷಭಾವತಿ ನದಿ. ಪಶ್ಚಿಮ ಬೆಂಗಳೂರಿನ ಚರಂಡಿ ನೀರನ್ನೂ ಕಾರ್ಖಾನೆ ನೀರನ್ನೂ ಹೊತ್ತು ಮೈಸೂರು ರಸ್ತೆಯ ಪಕ್ಕದಲ್ಲೇ ನಾಯಂಡಹಳ್ಳಿ, ಕೆಂಗೇರಿ ದಾಟಿ, ಬೈರಮಂಗಲ ಕೆರೆಗೆ ಹೋಗಿ ಮುಂದೆ ಅರ್ಕಾವತಿ ಸೇರುತ್ತದೆ. ಕೆಂಗೇರಿಯ ಸೇತುವೆಯ ಬಳಿ ನಿಂತು ಈ ಕಪ್ಪು ನೀರಿನ ಮಾದರಿ ತೆಗೆಯಬೇಕಾದವರು ಎಷ್ಟು ಬಾಟಲಿ ಒಯ್ಯಬೇಕು? ಸೀಸ, ಕ್ರೋಮಿಯಂನಂಥ ಲೋಹಗಳಿಗೆ ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿ; ಅದಕ್ಕೆ ನೈಟ್ರಿಕ್ ಆಮ್ಲ ಸೇರಿಸಿ ಪಿಎಚ್ ಎರಡಕ್ಕಿಂತ ಕೆಳಗಿಳಿಸದಿದ್ದರೆ ಲೋಹ ನಿಧಾನವಾಗಿ ಗೋಡೆಗೆ ಅಂಟಿಕೊಂಡು ನೀರು ಶುದ್ಧವಾಗಿದೆ ಎಂಬ ಸುಳ್ಳು ಹುಟ್ಟುತ್ತದೆ. ಪಾದರಸ ಮಾತ್ರ ಆ ಪ್ಲಾಸ್ಟಿಕ್ಕಿನಲ್ಲಿ ನಿಲ್ಲುವುದಿಲ್ಲ, ಗೋಡೆಯ ಮೂಲಕ ಒಳಹೊರಗೆ ಓಡಾಡುತ್ತದೆ, ಅದಕ್ಕೆ ಗಾಜು. ಎಣ್ಣೆ, ಗ್ರೀಸಿಗೂ ಅಗಲ ಬಾಯಿಯ ಗಾಜು, ಪ್ಲಾಸ್ಟಿಕ್ ಜಿಡ್ಡನ್ನು ಹೀರುತ್ತದೆ. ಅದನ್ನು ನದಿಯ ನೀರಿನಲ್ಲಿ ಮೊದಲೇ ಜಾಲಿಸಲೂ ಬಾರದು, ಜಾಲಿಸಿದಾಗ ಅಂಟಿದ ಜಿಡ್ಡು ಲೆಕ್ಕಕ್ಕೆ ಸೇರಿಬಿಡುತ್ತದೆ. ಕೀಟನಾಶಕಗಳಿಗೆ ಕಂದು ಗಾಜು, ಟೆಫ್ಲಾನ್ ಹಚ್ಚಿದ ಮುಚ್ಚಳ. ಕರಗಿದ ಆಮ್ಲಜನಕಕ್ಕೆ 300 ಮಿಲಿಯ ಬಿಒಡಿ ಬಾಟಲಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ ಓರೆಯ ಗಾಜಿನ ಬಿರಡೆ ಹಾಕಬೇಕು. ಬೋರಾನಿಗೆ ಪುನಃ ಪ್ಲಾಸ್ಟಿಕ್ಕೇ, ಏಕೆಂದರೆ ಬೊರೊಸಿಲಿಕೇಟ್ ಗಾಜಿನಲ್ಲೇ ಬೋರಾನಿದೆ. ಕೋಲಾರ, ತುಮಕೂರು ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡಿಗೂ ಪ್ಲಾಸ್ಟಿಕ್ಕೇ. ಇನ್ನು ವಿಜಯನಗರದ ನಲ್ಲಿಯ ಕಾವೇರಿ ನೀರಿನಲ್ಲಿ ಕೋಲಿಫಾರಂ ಇದೆಯೇ ಎಂದು ನೋಡಬೇಕಾದರೆ ಕ್ರಿಮಿಶುದ್ಧ ಬಾಟಲಿಯೊಳಗೆ ಸೋಡಿಯಂ ಥಯೋಸಲ್ಫೇಟ್ ಮೊದಲೇ ಇರಬೇಕು. ಇಲ್ಲದಿದ್ದರೆ ನಲ್ಲಿಯಲ್ಲಿ ಬದುಕಿದ್ದ ಬ್ಯಾಕ್ಟೀರಿಯಾವನ್ನು ನೀರಿನಲ್ಲಿ ಉಳಿದ ಕ್ಲೋರಿನ್ ಲ್ಯಾಬಿನ ದಾರಿಯಲ್ಲಿ ಕೊಲ್ಲುತ್ತದೆ. ಒಂದೇ ಸೇತುವೆ, ಒಂದೇ ನೀರು, ಐದಾರು ಬಾಟಲಿ. ಮಿನರಲ್ ವಾಟರ್ ಬಾಟಲಿಯಲ್ಲಿ ಹಿಡಿದು ತಂದ ಮಾದರಿಯ ಮೇಲೆ ನಡೆಯುವ ಚರ್ಚೆಗಳಿಗೆ ಎಷ್ಟು ಬೆಲೆ ಕೊಡಬೇಕೆಂದು ಇದರಿಂದ ತಿಳಿಯಬಹುದು.

ಕಾರ್ಖಾನೆ ಮತ್ತು ಸಂಶೋಧನೆಯಲ್ಲಿ ಆಯ್ಕೆ ಇನ್ನೂ ಸೂಕ್ಷ್ಮವಾಗುತ್ತದೆ. ಪೀಣ್ಯದಲ್ಲಿ ಘಟಕವಿರುವ, 1981ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಣಪುಡಿಯ ಇಂಜೆಕ್ಷನ್ ವಯಲ್‌ಗಳನ್ನು ತಯಾರಿಸುತ್ತದೆ. ಔಷಧ ಸಂಹಿತೆಗಳು ಇಂಜೆಕ್ಷನ್ ಗಾಜನ್ನು ದರ್ಜೆಗಳಾಗಿ ವಿಂಗಡಿಸಿವೆ: ಒಂದನೆಯದು ಬೊರೊಸಿಲಿಕೇಟ್, ಮೂರನೆಯದು ಸೋಡಾ ಸುಣ್ಣದ ಗಾಜು. ದ್ರವ ಔಷಧಿ ವರ್ಷಗಟ್ಟಲೆ ಗಾಜನ್ನು ನೆಕ್ಕುತ್ತಿರುತ್ತದೆ, ಗಾಜಿನ ಕ್ಷಾರ ಔಷಧಿಗೆ ಇಳಿಯುತ್ತದೆ, ಕೆಲವೊಮ್ಮೆ ಗಾಜಿನ ಹೊಪ್ಪಳೆಗಳೇ ಎದ್ದು ತೇಲುತ್ತವೆ. ಅಲ್ಲಿ ಮೊದಲ ದರ್ಜೆ ಬೇಕು. ಬಳಸುವ ಹೊತ್ತಿಗಷ್ಟೇ ನೀರು ಬೆರೆಸುವ ಪುಡಿಗೆ ಮೂರನೆಯ ದರ್ಜೆಯೂ ಸಲ್ಲುತ್ತದೆ. ಎಲ್ಲಕ್ಕೂ ಅತ್ಯುತ್ತಮವನ್ನೇ ಕೊಳ್ಳಿ ಎಂದು ಈ ವಾದ ಹೇಳುತ್ತಿಲ್ಲ ಎನ್ನುವುದು ಇಲ್ಲಿ ಸ್ಪಷ್ಟವಾಗುತ್ತದೆ. ಪ್ರಶ್ನೆ ಕೇಳುವಷ್ಟನ್ನು ಕೊಳ್ಳಿ.

ಜ್ಞಾನಭಾರತಿಯಂಥ ವಿಶ್ವವಿದ್ಯಾಲಯದ ಲ್ಯಾಬುಗಳಲ್ಲಿ ಗಾಜಿನಂತೆ ಹೊಳೆಯುವ ಪಾಲಿಸ್ಟೈರೀನ್ ಟ್ಯೂಬೂ ಮಸುಕಾದ ಪಾಲಿಪ್ರೊಪಿಲೀನ್ ಟ್ಯೂಬೂ ಪಕ್ಕಪಕ್ಕದ ಪ್ಯಾಕೆಟ್ಟಿನಲ್ಲಿರುತ್ತವೆ. ಹೊಳೆಯುವುದರಲ್ಲಿ ಕ್ಲೋರೋಫಾರ್ಮ್ ಸುರಿದರೆ ಟ್ಯೂಬೇ ಕರಗುತ್ತದೆ, ಆಟೋಕ್ಲೇವಿನ 121 ಡಿಗ್ರಿಗೆ ಸೊಟ್ಟಗಾಗುತ್ತದೆ. ಮಸುಕಿನದು ಎರಡನ್ನೂ ತಾಳುತ್ತದೆ. ಇದು ಕಣ್ಣಿಗೆ ಕಾಣುವ ತಪ್ಪು, ಆದ್ದರಿಂದ ಅಷ್ಟು ಕೆಟ್ಟದ್ದಲ್ಲ. ಆಲ್ಜೈಮರ್ ಪತ್ತೆಗೆ ಬೆನ್ನುಹುರಿಯ ದ್ರವದಲ್ಲಿ ಅಳೆಯುವ ಅಮಿಲಾಯ್ಡ್ ಬೀಟಾ 42 ಎಂಬ ಪ್ರೋಟೀನು ಪಾಲಿಸ್ಟೈರೀನ್ ಗೋಡೆಗೆ ಅಂಟಿಕೊಳ್ಳುತ್ತದೆ. ಕಾಯಿಲೆಯಲ್ಲಿ ಇಳಿಯುವುದೂ ಅದೇ ಪ್ರೋಟೀನು. ಅಂದರೆ ಟ್ಯೂಬು ಕೊಂಡದ್ದನ್ನು ಕಾಯಿಲೆಯ ಲೆಕ್ಕಕ್ಕೆ ಬರೆದುಬಿಡಬಹುದು. ಪಾಲಿಪ್ರೊಪಿಲೀನೂ ಸಾಧುವೇನಲ್ಲ: ಲ್ಯಾಬಿನ ಪ್ಲಾಸ್ಟಿಕ್ಕುಗಳಿಂದ ಸೋರುವ, ತಯಾರಿಕೆಯಲ್ಲಿ ಜಾರಲೆಂದು ಹಾಕಿದ ವಸ್ತುಗಳು ಕಿಣ್ವಗಳ ಕೆಲಸವನ್ನೇ ಬದಲಿಸುತ್ತವೆ ಎಂದು 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಕೆನಡಾದ ಸಂಶೋಧಕರು ತೋರಿಸಿದರು. ದ್ರವ ಸಾರಜನಕದ ಮೈನಸ್ 196 ಡಿಗ್ರಿಯಲ್ಲಿಡುವ ಕ್ರಯೋವಯಲ್ ಸರಿಯಾಗಿ ಮುಚ್ಚದಿದ್ದರೆ ಒಳಸೇರಿದ ಸಾರಜನಕ ಹೊರತೆಗೆದಾಗ ಆವಿಯಾಗಿ ಸಿಡಿಯುತ್ತದೆ, ಅದಕ್ಕೇ ಅದನ್ನು ದ್ರವದಲ್ಲಿ ಮುಳುಗಿಸದೆ ಮೇಲಿನ ಆವಿಯಲ್ಲಿ ಇಡುವುದು ಕ್ಷೇಮ.

ಈ ವಾದಕ್ಕೆ ಎದುರಾಗುವ ಮಾತುಗಳಲ್ಲಿ ಮೊದಲನೆಯದು, ಹಿಂದೆ ಪೆನ್ಸಿಲಿನ್ ಬಾಟಲಿಯಲ್ಲೇ ಎಲ್ಲ ನಡೆಯುತ್ತಿರಲಿಲ್ಲವೇ ಎಂಬುದು. ನಡೆಯುತ್ತಿತ್ತು, ಆದರೆ ಲ್ಯಾಬು ಆಗ ಗೋಡೆಯಾಚೆ ಇರುತ್ತಿತ್ತು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಂಥಲ್ಲಿ ವಾರ್ಡು, ಲ್ಯಾಬು ಒಂದೇ ಆವರಣದಲ್ಲಿವೆ. ಇವತ್ತಿಗೂ ಅಲ್ಲಿ ಟ್ಯೂಬಿನ ಮೇಲಿನ ಹೊರೆ ಕಡಿಮೆ. ರಕ್ತ ಒಂದು ಕಡೆ, ಯಂತ್ರ ಇನ್ನೊಂದು ಕಡೆ ಎಂಬ ಈಗಿನ ವ್ಯಾಪಾರದ ಪದ್ಧತಿಯಲ್ಲಿ ಆ ನಡುವಿನ ಗಂಟೆಗಳನ್ನೆಲ್ಲ ಟ್ಯೂಬೊಂದೇ ಹೊರಬೇಕು. ಬೆಲೆಯ ಮಾತು ಎರಡನೆಯದು. ಅದರಲ್ಲಿ ಹುರುಳು ಕಡಿಮೆ. ರೋಗಿ ಕೊಡುವ ದರದಲ್ಲಿ ಟ್ಯೂಬಿನ ಪಾಲು ಬಹಳ ಸಣ್ಣದು, ಮತ್ತೆ ರಕ್ತ ತೆಗೆಯಬೇಕಾದರೆ ಆಗುವ ಖರ್ಚಿನ ಮುಂದೆ ಏನೂ ಅಲ್ಲ. ಕಸದ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಒಮ್ಮೆ ಬಳಸಿದ ಪ್ರತಿ ಪ್ಲಾಸ್ಟಿಕ್ ಟ್ಯೂಬೂ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಕೆಂಪು ಚೀಲಕ್ಕೆ, ಗಾಜು ನೀಲಿ ಪೆಟ್ಟಿಗೆಗೆ ಹೋಗಬೇಕು. ಗಾಜಿಗೆ ಮರಳಿದರೆ ಒಡೆಯುವ ಭಯ, ತೊಳೆಯುವ ನೀರು, ತೊಳೆದ ಮೇಲೂ ಉಳಿಯುವ ಹಿಂದಿನ ರೋಗಿಯ ಕುರುಹು. ರಕ್ತದ ಮಟ್ಟಿಗೆ ಪ್ಲಾಸ್ಟಿಕ್ಕನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. ಆದರೆ ನೀರಿನ ಪರೀಕ್ಷೆ, ಕಾಲೇಜಿನ ರಸಾಯನಶಾಸ್ತ್ರದ ಪಾಠ, ದ್ರಾವಕಗಳ ಕೆಲಸ ಇವಕ್ಕೆಲ್ಲ ತೊಳೆದು ಬಳಸುವ ಬೊರೊಸಿಲಿಕೇಟ್ ಗಾಜು ಇನ್ನೂ ಸೋತಿಲ್ಲ.

ರಕ್ತ ಜಾಸ್ತಿ ಹೋಗುತ್ತದೆ ಎಂಬ ದೂರಿಗೆ ಎರಡು ಉತ್ತರ. ದೊಡ್ಡವರಿಗೆ ಮೂರು ಮಿಲಿಯ ಐದು ಟ್ಯೂಬು ತುಂಬಿದರೂ ಹದಿನೈದು ಮಿಲಿ. ರಕ್ತದಾನದಲ್ಲಿ ಒಮ್ಮೆಗೆ 350 ಮಿಲಿ ಕೊಟ್ಟು ಕಾಫಿ ಕುಡಿದು ಹೋಗುತ್ತೇವೆ. ನವಜಾತ ಶಿಶುವಿಗೆ ಈ ಲೆಕ್ಕ ನಡೆಯುವುದಿಲ್ಲ. ಒಂದು ಕೆಜಿ ತೂಕದ ಮಗುವಿನ ಮೈಯಲ್ಲಿರುವುದೇ ಒಂದು ಸಣ್ಣ ಲೋಟದಷ್ಟು ರಕ್ತ. ದಿನಾ ಪರೀಕ್ಷೆ ಬರೆದರೆ ರಕ್ತಹೀನತೆ ಬರುವುದು ಆಸ್ಪತ್ರೆಯಿಂದಲೇ. ಐಸಿಯುನಲ್ಲಿ ವಾರಗಟ್ಟಲೆ ಮಲಗಿದವರಿಗೂ ಅಷ್ಟೇ. ಇಲ್ಲಿ ಆಕ್ಷೇಪ ಪೂರ್ತಿ ಸರಿ. ಆದರೆ ಅದಕ್ಕೆ ಪರಿಹಾರ ದೊಡ್ಡ ನೇರಳೆ ಟ್ಯೂಬಿಗೆ ಅರ್ಧ ಮಿಲಿ ಹಾಕುವುದಲ್ಲ. ಹಿಮ್ಮಡಿಯಿಂದ ಹನಿಹನಿಯಾಗಿ ತೆಗೆದ ಅರ್ಧ ಮಿಲಿಗೆಂದೇ ಇಡಿಟಿಎ ಅಳೆದು ಹಾಕಿದ ಪುಟ್ಟ ಟ್ಯೂಬುಗಳಿವೆ, ಅವುಗಳ ಗೀಟು ಬೆರಳ ಉಗುರಿಗಿಂತ ಚಿಕ್ಕದು. ಆ ಗೀಟಿನವರೆಗೆ ತುಂಬಿದರೆ ಅನುಪಾತ ಸರಿಯಿರುತ್ತದೆ, ಅದೇ ರಕ್ತ ದೊಡ್ಡದರ ಬುಡದಲ್ಲಿ ಒದ್ದೆ ಮಾಡಿ ಕೂತರೆ ಮಗುವಿನ ಕಣಗಳು ಮುದುಡುತ್ತವೆ. ಸ್ಟಾಕಿನಲ್ಲಿ ಪುಟ್ಟ ಟ್ಯೂಬು ಇದೆಯೇ ಎಂದು ಅಪ್ಪ ಅಮ್ಮ ಕೇಳಬಹುದು. ತಮ್ಮ ರಿಪೋರ್ಟಿನಲ್ಲಿ ಹೆಸರು, ವಯಸ್ಸಿನ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗುವ ಸ್ಯಾಂಪಲ್ಲಿನ ಬಗೆ, ತೆಗೆದ ಹೊತ್ತು, ಲ್ಯಾಬು ತಲುಪಿದ ಹೊತ್ತು ಈ ಮೂರು ಸಾಲುಗಳನ್ನು ದೊಡ್ಡವರೂ ಓದಬಹುದು. ಶುಗರಿನ ಎದುರು ಫ್ಲೋರೈಡ್ ಪ್ಲಾಸ್ಮಾ ಎಂದಿರಬೇಕಾದಲ್ಲಿ ಸೀರಂ ಎಂದಿದ್ದು, ಎರಡು ಹೊತ್ತುಗಳ ನಡುವೆ ಮೂರು ಗಂಟೆ ಕಂಡರೆ, ಡಾಕ್ಟರ ಮುಂದೆ ಇಡಬೇಕಾದದ್ದು ಆ ಸಾಲನ್ನೂ.